ಖಾಲಿ ಹೊಟ್ಟೆಯ ರಕ್ತ

ನಮ್ಮ ಸೊಸೆಗೆ ಶುಗರ್ ಇಲ್ಲ! ಈಗ ಅಂಗಳ ತುಂಬ ಓಡಾಡುವ ಮೊಮ್ಮಗಳು ಆಗ ಅವಳ ಹೊಟ್ಟೆಯಲ್ಲಿದ್ದಳು. ಶುಗರ್ ಇಲ್ಲವೆಂಬ ಮಾತು ಕೇಳಿ, ಊರಿಗೆ ಮರಳುವಾಗ ಬಸ್‌ಸ್ಟ್ಯಾಂಡಿನಲ್ಲೇ ಕುಣಿಯುವಂತಾಗಿತ್ತು ನನಗೆ.

ಹೇಳಿದವರು ಬಸವಕಲ್ಯಾಣದ ರಕ್ತಪರೀಕ್ಷೆಯವರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ರಕ್ತದ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದನ್ನೇ ವಿಚಾರಿಸುವಂತೆ ಕೇಳುತ್ತಿದ್ದರು: "ಖಾಲಿ ಹೊಟ್ಟಿ ಏನ್ರಿ? ಖರೇ ಹೇಳ್ರಿ."

ಮೊದಲ ದಿನ ಸೊಸೆ "ಹೌದ್ರಿ" ಅಂದಳು. ಶುಗರ್ ಹೆಚ್ಚು ಬಂತು. ಕೂಸಿಗೆ ಏನಾಗುವುದೋ ಎಂದು ನಮ್ಮ ಜೀವ ಹಾರಿತು. ಅವರು ಮಾತ್ರ ವರದಿಯ ಚೀಟಿ ಬರೆಯಲಿಲ್ಲ.

"ಮುಂಜಾನಿ ಬಾಯಾಗ ಏನ್ ಹಾಕ್ಕೊಂಡಿದ್ದಿ, ತಂಗಿ?"

"ಏನಿಲ್ರಿ ಅಣ್ಣಾ. ಪೂಜಾ ಆದಮ್ಯಾಲ ಪ್ರಸಾದ ಅಷ್ಟ. ಬಾಳೆಹಣ್ಣು, ಬೆಲ್ಲ."

"ಮತ್ತ ಅದು ತಿಂದಂಗ ಅಲ್ಲೇನವಾ?"

"ಪ್ರಸಾದಕ್ಕ ಯಾರರ ತಿಂದೆ ಅಂತಾರೇನ್ರಿ?" ನಮ್ಮಾಕೆ ಜಗಳಕ್ಕೇ ನಿಂತಳು.

ಅವರು ನಗಲಿಲ್ಲ. "ದೇವರಿಗೆ ಹೇಳ್ರಿ ಅವ್ವಾರ, ನಾಳಿ ರಕ್ತ ಕೊಟ್ಟಮ್ಯಾಲ ಪ್ರಸಾದ."

ಮರುದಿನ ಎಲ್ಲ ಸರಿ ಬಂತು. ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ನಮ್ಮಾಕೆ ಹೋಳಿಗೆ ಹಿಡಿದು ಸೊಸೆಯ ಮುಂದೆ ನಿಂತಳು.

"ಖಾಲಿ ಹೊಟ್ಟಿ ಏನ್ರಿ? ಖರೇ ಹೇಳ್ರಿ."

"ಹೌದ್ರಿ" ಎಂದು ಸೊಸೆ ತಟ್ಟೆ ಚಾಚಿದಳು.