ಅಕ್ಕನ ತಟ್ಟೆಗೆ ಬಂದ ಕಾಳಿಜ

ನಾನು ಚಿಕ್ಕವಳಿದ್ದಾಗ ಹಳಿಯಾಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಂಕ್ರಾಂತಿಯ ಮರುದಿನ, ಅಂದರೆ ಕರಿಯ ದಿನ, ಮನೆಮನೆಯಲ್ಲೂ ಮಾಂಸದಡುಗೆ. ಹುರಿದ ಕೊಬ್ಬರಿ, ಬೆಳ್ಳುಳ್ಳಿಯ ಘಮ ಬೀದಿಯವರೆಗೂ ಬರುತ್ತಿತ್ತು. ಕುರಿಯ ಕಾಳಿಜ, ನೀವು ಮಕ್ಕಳು ಲಿವರ್ ಅನ್ನುತ್ತೀರಲ್ಲ, ಅದು ಮನೆ ನಡೆಸುವ ಯಜಮಾನನಿಗೇ ಮೀಸಲು. ನಾನು, ಅಕ್ಕ ವಾಸನೆಯಲ್ಲೇ ಸಮಾಧಾನಪಡಬೇಕಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪನ ಕಾಲಿನ ಹೆಬ್ಬೆರಳಿನ ಬುಡ ಬದನೆಕಾಯಿಯಂತೆ ಊದಿತ್ತು. ಕೆಂಪಗೆ, ಮುಟ್ಟಿದರೆ ಬಿಸಿ. ಹೊದಿಕೆ ತಾಗಿದರೂ ಚೀರುತ್ತಿದ್ದ. ಮುಳ್ಳು ಹೊಕ್ಕಿದೆಯೆಂದು ಅವ್ವ ಸೂಜಿ ಹಿಡಿದು ಹುಡುಕಿದಳು. ಮುಳ್ಳಿದ್ದರೆ ತಾನೆ ಸಿಗುವುದು. ಕೊನೆಗೆ ಟೆಂಪೋ ಹತ್ತಿಸಿ ಹಳಿಯಾಳಕ್ಕೆ ಕರೆದೊಯ್ದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಗೌಟ್ ಎಂದರು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಕೀಲಿನಲ್ಲಿ ಸಣ್ಣ ಹರಳಾಗಿ ಕೂರುತ್ತದಂತೆ.

"ನೋವು ಹೋದ್ರೂ ದಿನದ ಗುಳಿಗಿ ಬಿಡಬ್ಯಾಡ್ರಿ. ನೀರು ಚಲೋ ಕುಡೀರಿ. ಸೆರೆ ಕುಡಿಯೂದು, ಒಣಮೀನ, ಕಾಳಿಜ ತಿನ್ನೂದು ಬಂದ್ ಮಾಡ್ರಿ," ಎಂದರು.

ನೋವು ಹೋದ ಕೂಡಲೇ ಅಪ್ಪ ಗುಳಿಗೆ ಬಿಟ್ಟ. "ನೋವ ಇಲ್ಲಂದ್ರ ಗುಳಿಗಿ ಯಾಕ?" ಎಂಬುದು ಅವನ ವಾದ. ಸರಿಯಾಗಿ ಕಬ್ಬು ಕಡಿಯುವ ಕಾಲಕ್ಕೆ ಬೆರಳು ಮತ್ತೆ ಊದಿತು. ಹತ್ತನೇ ತರಗತಿಯ ಅಕ್ಕ ಶಾಲೆ ಬಿಟ್ಟು ಅಪ್ಪನ ಕತ್ತಿ ಹಿಡಿದಳು. ಸಂಜೆ ಬರುವಾಗ ಅವಳ ಕೈತುಂಬ ಕಬ್ಬಿನ ಗರಿ ಗೀರಿದ ಗಾಯ. ನನಗೆ ಅಪ್ಪನ ಮೇಲೆ ಸಿಟ್ಟೇ ಬರುತ್ತಿತ್ತು.

ಕರಿಯ ಹೊತ್ತಿಗೆ ಬಾವು ಆಗಷ್ಟೇ ಇಳಿದಿತ್ತು. ಅವ್ವ ರೂಢಿಯಂತೆ ಅಪ್ಪನ ತಟ್ಟೆಗೆ ಕಾಳಿಜ ಬಡಿಸಿ, "ಒಂದ ದಿನಕ್ಕ ಏನಾಗೂದಿಲ್ಲ, ತಗೋರಿ," ಎಂದಳು. ಅಪ್ಪ ಮತ್ತೆ ಮಲಗಿದರೆ ಅಕ್ಕನ ಪರೀಕ್ಷೆಯ ಕಥೆ ಮುಗಿದ ಹಾಗೇ.

ಅಪ್ಪ ಅಕ್ಕನ ಕೈಗಳನ್ನು ನೋಡಿದ. ತಟ್ಟೆಯನ್ನು ಅವಳ ಮುಂದೆ ಸರಿಸಿದ.

"ಈ ಸಲ ಮನಿ ನಡಿಸಿದಾಕಿ ಈಕಿ. ಇದು ಈಕಿ ಪಾಲು. ನಾಳಿಂದ ಸಾಲಿಗೆ ಹೋಗವಾ, ಹೊಲಕ್ಕ ನಾ ಹೊಕ್ಕೇನಿ." ಆಮೇಲೆ ನನ್ನತ್ತ ತಿರುಗಿ, "ಆ ಗುಳಿಗಿ ಚೀಟಿ ಎಲ್ಲೈತಿ, ತಗೊಂಡ ಬಾ," ಎಂದ.

ಅಕ್ಕ ಕಣ್ಣೊರೆಸಿಕೊಳ್ಳುತ್ತ ಒಂದು ತುಂಡು ಬಾಯಿಗಿಟ್ಟಳು. "ಇದಕ್ಕಾ ಇಷ್ಟ ವರ್ಷ ಆಸೆ ಪಟ್ಟಿದ್ವಿ? ಕಹಿ ಐತಿ," ಎಂದು ನನಗೂ ಅರ್ಧ ಕೊಟ್ಟಳು.

ಈಗ ನಾನು ಕಾಳಿಜ ಬಡಿಸಿದರೆ ನೀವು ಮೂಗು ಮುರಿದು ತಟ್ಟೆಯಂಚಿಗೆ ತಳ್ಳುತ್ತೀರಿ. ತಳ್ಳಿ, ನನಗೇನೂ ಬೇಸರವಿಲ್ಲ. ನಿಮ್ಮಲ್ಲಿ ಹುಡುಗ, ಹುಡುಗಿ ಎನ್ನದೆ ಸೌಟು ಎಲ್ಲರ ತಟ್ಟೆಗೂ ಬರುತ್ತದೆ. ನಮ್ಮ ತಟ್ಟೆಯವರೆಗೆ ಅದು ಬರಲು ಅಪ್ಪನ ಹೆಬ್ಬೆರಳು ನೋಯಬೇಕಾಯಿತು.