ಆಟ ಅರ್ಥವಾಗದವಳು

ಭಾಗ್ಯ, ಅವತ್ತು ತಪ್ಪು ಮಾಡಿದ್ದು ನೀನಲ್ಲ. ಅಷ್ಟು ಜನರ ಮುಂದೆ ಸುಳ್ಳು ಹೇಳಿ, ಆ ಸುಳ್ಳನ್ನು ನಿನ್ನ ಹೆಸರಿಗೆ ಬರೆದವಳು ನಾನು.

ಗುಬ್ಬಿಯ ಹೈಸ್ಕೂಲಿಗೆ ನಾಟಕದ ಟೀಚರಾಗಿ ಬಂದ ಹೊಸತು. ಪಾಠದ ನಡುವೆ ಮಕ್ಕಳನ್ನು ವೃತ್ತದಲ್ಲಿ ಕೂರಿಸಿ ಒಂದು ವಸ್ತು ಕೊಡುತ್ತಿದ್ದೆ. ಅದು ಕೈಯಿಂದ ಕೈಗೆ ದಾಟುವಾಗ ಪ್ರತಿಯೊಬ್ಬರೂ ಅದನ್ನು ಬೇರೇನೋ ಮಾಡಬೇಕು. ಮಾತೋ ಹಾಡೋ ಕುಣಿತವೋ, ಆ ಕ್ಷಣಕ್ಕೆ ಹೊಳೆದದ್ದು. ಬರೆದಿಟ್ಟದ್ದು ಏನೂ ಇರಬಾರದು. ಆಶು ಅಭಿನಯ. ಈ ಮಾತನ್ನು ನಾನು ಎಷ್ಟು ಭಕ್ತಿಯಿಂದ ಹೇಳುತ್ತಿದ್ದೆ ಅಂದರೆ...

ಆಮೇಲೆ ತುಮಕೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು, ಜೊತೆಗೆ ಬೇರೆ ಶಾಲೆಗಳ ಟೀಚರುಗಳು ನನ್ನ ಪಾಠ ನೋಡಲು ಬರುತ್ತಾರೆ ಎಂದು ತಿಳಿಯಿತು. ನನಗೆ ಭಯವಾಯಿತು. ಮಕ್ಕಳಿಗೆ ಏನೂ ಹೊಳೆಯದೇ ಹೋದರೆ? ಎರಡು ವಾರ ಆಶು ಅಭಿನಯವನ್ನು ಉರು ಹೊಡೆಸಿದೆ. ಮೊರ ಆರಿಸಿಕೊಂಡೆ — ಬಿದಿರಿನದು, ಅಥವಾ ಆ ಹಳದಿ ಪ್ಲಾಸ್ಟಿಕ್ಕಿನದೇ? ಬಿದಿರಿನದೇ ಇರಬೇಕು, ಇಲ್ಲದಿದ್ದರೆ ಆ ಸದ್ದು ಬರುತ್ತಿರಲಿಲ್ಲ. ಮಹೇಶನಿಗೆ ಅದು ಬಸ್ಸಿನ ಸ್ಟೇರಿಂಗು, ಶಬಾನಾಗೆ ಕನ್ನಡಿ. ನೀನು ರಾಗಿ ಕೇರುತ್ತಾ ಎರಡು ಸಾಲು ಹಾಡಬೇಕು.

"ಮಿಸ್, ಈಗ ತಾನೇ ಹೊಳೀತು ಅನ್ನೋ ಥರ ತಲೆನೂ ಕೆರ್ಕೋಬೇಕಾ?" ಎಂದು ಮಹೇಶ ಕೇಳಿದ.

"ಕೆರ್ಕೊಳೋ. ಜಾಸ್ತಿ ಬೇಡ, ಹೇನು ಅಂದ್ಕೊತಾರೆ."

ಎಲ್ಲರೂ ನಕ್ಕೆವು. ನೀನೂ ನಕ್ಕೆಯಾ? ನಕ್ಕೆ ಎಂದು ನೆನಪು ಹೇಳುತ್ತದೆ. ಅದು ನನಗೆ ಅನುಕೂಲವಾದದ್ದನ್ನೇ ಹೇಳುತ್ತದೆ, ನಂಬಲಾರೆ.

ಸಾಹೇಬರು ಬಂದ ದಿನ ಮೊರ ನಿನ್ನ ಕೈಗೆ ಬಂತು. ನೀನು ಕೇರಲಿಲ್ಲ. ಬೋರಲು ಮಾಡಿ ಎದೆಗೆ ಒತ್ತಿಕೊಂಡೆ. ಬಲಗೈಯ ಬೆರಳ ತುದಿಯಿಂದ ಅದರ ಬೆನ್ನನ್ನು ಬಡಿದೆ — ಮೆಲ್ಲಗೆ, ಒಂದು ತಪ್ಪಿಸಿ ಒಂದು. ಹಿಮ್ಮಡಿ ನೆಲ ತಟ್ಟಿ ಅದಕ್ಕೆ ಉತ್ತರ ಕೊಟ್ಟಿತು. ನೀನು ಏನೋ ಗುನುಗುತ್ತಿದ್ದೆ, ಪದಗಳಿರಲಿಲ್ಲ. ಮಹೇಶ ತಲೆ ಕೆರೆಯುವುದನ್ನು ಮರೆತು ಬಾಯಿ ಬಿಟ್ಟು ನೋಡುತ್ತಿದ್ದ. ಆಮೇಲೆ ನಿನ್ನ ಎಡಗೈ ನಿಧಾನವಾಗಿ ಮೇಲೇಳತೊಡಗಿತು. ಭುಜ ದಾಟಿತು. ಅದು ಎಲ್ಲಿಗೆ ಹೋಗುತ್ತಿದೆ —

"ತಪ್ಪು! ಕೇರೋದಲ್ವೇನೇ ನಿಂದು? ಮೊದಲಿಂದ ಮಾಡು."

ನನ್ನ ಬಾಯಿಂದ ಬಂದ ಮಾತು. ಸಾಹೇಬರು ತಿರುಗಿದರು. "ನಿಂದು ಅಂದ್ರೇನು ಮೇಡಂ? ಮೊದಲೇ ಹೇಳ್ಕೊಟ್ಟಿದ್ರಾ?"

ಹೌದು ಅನ್ನಬಹುದಿತ್ತು. ಒಂದೇ ಪದ.

"ಇಲ್ಲ ಸಾರ್. ಮೊರ ಅಂದ್ರೆ ಎಲ್ರೂ ಕೇರೋದನ್ನೇ ತೋರಿಸ್ತಾರಲ್ಲ, ಅದಕ್ಕಂದೆ. ಈ ಹುಡುಗಿಗೆ ಆಟ ಅರ್ಥ ಆಗಿಲ್ಲ."

"ಹೋಗ್ಲಿ ಬಿಡಿ, ಎಲ್ಲ ಮಕ್ಕಳೂ ಒಂದೇ ಥರ ಇರಲ್ಲ" ಎಂದರು ಅವರು.

ಅಷ್ಟೂ ಮಕ್ಕಳಿಗೆ ಗೊತ್ತಿತ್ತು. ನೀನು ಮೊರ ತಿರುಗಿಸಿ ಹಿಡಿದು ರಾಗಿ ಕೇರಿದೆ, ಎರಡು ಸಾಲು ಹಾಡಿದೆ. ಚಪ್ಪಾಳೆ ಬಂತು. ಆ ಪಾಠದಿಂದಲೇ ನನಗೆ ಹೆಸರು ಬಂತು. ಇವತ್ತಿಗೂ ಟೀಚರುಗಳನ್ನು ಕೂರಿಸಿಕೊಂಡು, ಮಗುವಿಗೆ ಹೊಳೆದದ್ದನ್ನು ತಡೆಯಬೇಡಿ ಎಂದು ಹೇಳುತ್ತೇನೆ. ಹೇಳಿ, ನೀರು ಕುಡಿಯುತ್ತೇನೆ.

ಮರುವಾರದಿಂದ ನೀನು ವೃತ್ತಕ್ಕೆ ಬರಲಿಲ್ಲ. "ನಾನು ಜಮಖಾನ ಹಾಸ್ತೀನಿ ಮಿಸ್" ಅಂದೆ. ಹತ್ತನೇ ಕ್ಲಾಸು ಮುಗಿಯುವವರೆಗೂ ಹಾಸಿದೆ, ಸುತ್ತಿಟ್ಟೆ. ನಾನು ಒಮ್ಮೆಯೂ ಕರೆಯಲಿಲ್ಲ.

ಕಳೆದ ವಾರ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಾನು ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದಾಗ ನೀನೇ ಗುರುತು ಹಿಡಿದೆ. ನಿನ್ನ ಕೊರಳಲ್ಲಿ ಹಿರೇಹಳ್ಳಿಯ ಯಾವುದೋ ಫ್ಯಾಕ್ಟರಿಯ ಐಡಿ ಕಾರ್ಡು, ಪಕ್ಕದಲ್ಲಿ ಯೂನಿಫಾರಂ ಹಾಕಿದ ಮಗಳು.

"ಅವತ್ತು ನಿಮ್ ಮರ್ಯಾದೆ ತೆಗ್ದುಬಿಡ್ತಿದ್ದೆ ಅಲ್ವಾ ಮಿಸ್? ಅದೇನಾಯ್ತೋ, ಆಟ ತಲೆಗೇ ಹತ್ತಲಿಲ್ಲ ನಂಗೆ." ನಗುತ್ತಲೇ ಅಂದೆ. "ಇವಳದ್ದು ಸ್ಕೂಲ್ ಡೇಗೆ ಡ್ಯಾನ್ಸ್ ಇದೆ. ದಿನಾ ಹೇಳ್ತಿದೀನಿ, ಹೇಳ್ಕೊಟ್ಟಷ್ಟು ಮಾಡು, ಜಾಸ್ತಿ ಮಾಡಕ್ಕೆ ಹೋಗ್ಬೇಡ ಕಣೇ ಅಂತ."

ನಿನ್ನ ಮಗಳು ಕಬ್ಬಿಣದ ಕಂಬಿಯನ್ನು ಬೆರಳಿಂದ ಬಡಿಯುತ್ತಿದ್ದಳು, ಒಂದು ತಪ್ಪಿಸಿ ಒಂದು — ಇಲ್ಲ, ಇದು ನಾನು ಆಮೇಲೆ ಸೇರಿಸಿಕೊಂಡದ್ದು. ಅವಳು ಸುಮ್ಮನೆ ಬಿಸ್ಕತ್ತು ತಿನ್ನುತ್ತಿದ್ದಳು.

ನನ್ನ ಬಸ್ಸು ಬಂತು. "ಹಳೇದೆಲ್ಲ ಯಾಕೀಗ, ಬಿಡೇ" ಅಂದು ಹತ್ತಿದೆ. ಎರಡನೇ ಸಲವೂ ಅದೇ ಸುಳ್ಳು.

ಆ ಎಡಗೈಯನ್ನು ಈ ವರ್ಷಗಳಲ್ಲಿ ಎಷ್ಟು ಸಲ ಮುಂದುವರಿಸಲು ನೋಡಿದ್ದೇನೆ! ಹಕ್ಕಿ ಮಾಡಿದೆ. ಸೂರಿನಿಂದ ಏನೋ ಇಳಿಸಿಕೊಳ್ಳುವ ಕೈ ಮಾಡಿದೆ. ಯಾರನ್ನೋ ಕರೆಯುವ ಕೈ. ಬಾಗಿಲು ಹಾಕಿಕೊಂಡು, ಮೊರ ಎದೆಗೆ ಒತ್ತಿಕೊಂಡು ಬಡಿದೂ ನೋಡಿದೆ. ನನ್ನ ಕೈ ಭುಜದವರೆಗೆ ಬಂದು ನಿಲ್ಲುತ್ತದೆ. ಮುಂದಿನದು ನಿನಗೆ ಮಾತ್ರ ಹೊಳೆದಿತ್ತು. ಈಗ ನಿನ್ನ ಬಳಿಯೂ ಅದು ಇಲ್ಲವೇನೋ. ಕೇಳುವ ಹಕ್ಕು ನನಗಿಲ್ಲ, ಕೇಳುವುದಿಲ್ಲ.

ನಾಳೆ ಬೆಳಿಗ್ಗೆ ಅದೇ ಸ್ಟ್ಯಾಂಡಿನಲ್ಲಿ ಹಿರೇಹಳ್ಳಿ ಬಸ್ಸು ನಿಲ್ಲುವಲ್ಲಿ ನಿಂತಿರುತ್ತೇನೆ. ನೀನು ಸಿಗದಿದ್ದರೆ ನಾಡಿದ್ದು. ಮೊದಲು ನಿನ್ನ ಮಗಳಿಗೆ ಹೇಳಬೇಕು — ಅವತ್ತು ಆಟ ಅರ್ಥವಾಗಿದ್ದು ನಿಮ್ಮಮ್ಮ ಒಬ್ಬಳಿಗೇ ಕಣೇ, ಮಿಸ್ ಸುಳ್ಳು ಹೇಳಿದ್ದರು ಎಂದು.

ಅದರ ಮುಂದಿನ ಮಾತನ್ನು ಬರೆದುಕೊಂಡು ಹೋಗುವುದಿಲ್ಲ.