ಬನಿಯನ್ ಮೇಲಿನ ಸುದ್ದಿ

ಹೆಂಡತಿ ತನಗಿಂತ ಚೆನ್ನಾಗಿ ಅಡುಗೆ ಮಾಡಿದರೆ ಯಾವ ಗಂಡನಿಗೂ ಹೊಟ್ಟೆ ಉರಿಯುವುದಿಲ್ಲ. ತನಗಿಂತ ಮೊದಲು ಘಾಟಿ ಹತ್ತಿ ಮೇಲೆ ಕಾಯುತ್ತ ಕೂತರೆ ಉರಿಯುತ್ತದೆ. ವಿತಾಲ್ ರೋಸ್ತೆಗೆ ಐದು ವರ್ಷ ಉರಿದಿತ್ತು. ಯಾಕೆ ಹಿಂದೆ ಬಿದ್ದೆ ಎಂದು ಯಾರಾದರೂ ಕೇಳಿದರೆ ಮೊಣಕಾಲು ನೋವು ಅನ್ನುತ್ತಿದ್ದ.

ಇಟಲಿಯ ಗಡಿಗೆ ಹತ್ತಿದ ಸವಾಯ್ ಸೀಮೆಯ ಒಂದು ಘಾಟಿ ರಸ್ತೆಯನ್ನು ನೋಡಿಕೊಳ್ಳುವುದು ಅವನ ಕೆಲಸ. ವಸಂತದಲ್ಲಿ ಹಿಮ ಸರಿಸಬೇಕು, ಬೇಸಿಗೆಯಲ್ಲಿ ಗುಡ್ಡದಿಂದ ಉರುಳಿದ ಕಲ್ಲು ಎತ್ತಬೇಕು, ಟಾರು ಹಾಕಿ ಗುಂಡಿ ಮುಚ್ಚಬೇಕು, ಕಿಲೋಮೀಟರ್ ಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಮೇಲೆ ಕಪ್ಪಿನಲ್ಲಿ ಅಂಕಿ ಬರೆಯಬೇಕು. ಅವನ ಬರವಣಿಗೆ ಮುತ್ತು ಪೋಣಿಸಿದ ಹಾಗಿತ್ತು. ವಾರವಿಡೀ ಘಾಟಿಯಲ್ಲಿ ಮೈ ಮುರಿದವನು ಭಾನುವಾರವಾದರೂ ಮನೆಯಲ್ಲಿ ಕಾಲು ಚಾಚುತ್ತಾನೆಯೇ? ಇಲ್ಲ. ಸೈಕಲ್ ಹತ್ತಿ ಇನ್ನೊಂದು ಘಾಟಿಗೆ ಹೊರಡುತ್ತಿದ್ದ. ಮೂವತ್ತು ವರ್ಷ ಅದೇ ಹುಚ್ಚು.

ಹುಚ್ಚಿಗೆ ಒಂದು ಗುರಿಯೂ ಇತ್ತು. ಊರಿನ ಸೈಕಲ್ ಸಂಘದವರು ಸೇರುತ್ತಿದ್ದ ಜೋಸೆತ್‌ಳ ಕಾಫಿ ಅಂಗಡಿಯ ಗೋಡೆಯಲ್ಲಿ ಒಂದು ಮರದ ಹಲಗೆ. ಬೇರೆ ಬೇರೆಯಾದ ನೂರು ಘಾಟಿ ದಾಟಿದವರ ಹೆಸರು ಅದರ ಮೇಲೆ ಏರುತ್ತಿತ್ತು, ಪಕ್ಕದಲ್ಲಿ ನೂರನೆಯದನ್ನು ದಾಟಿದ ತಾರೀಖು. ಅಷ್ಟು ವರ್ಷಕ್ಕೆ ಮೂರೇ ಹೆಸರು. ಸಾಕ್ಷಿ ಬೇಡ, ಫೋಟೋ ಬೇಡ, ಅವರವರ ನೋಟ್‌ಬುಕ್ಕಿನಲ್ಲಿ ಬರೆದದ್ದೇ ಪ್ರಮಾಣ. ತುಳಿದುಕೊಂಡು ಹೋಗಿ, ತಳ್ಳಿಕೊಂಡು ಹೋಗಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಯಾರ ಅಡ್ಡಿಯೂ ಇಲ್ಲ; ಬುಡದಿಂದ ನೆತ್ತಿಯವರೆಗೆ ಬೇರೆ ವಾಹನ ಮಾತ್ರ ಹತ್ತಬಾರದು. ಆ ಹಲಗೆಯಲ್ಲಿ ಹೆಸರು ಬರೆಯುವವನೂ ವಿತಾಲನೇ. ನಾಲ್ಕನೆಯ ಹೆಸರಿನ ಜಾಗವನ್ನು ಎಂದೋ ಕಣ್ಣಲ್ಲೇ ಅಳೆದಿಟ್ಟುಕೊಂಡಿದ್ದ.

ಲಿಯೋನಿಯನ್ನು ಸೈಕಲ್ ಹತ್ತಿಸಿದವನೂ ಅವನೇ. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಮಗಳು ಮದುವೆಯಾಗಿ ಹೋದ ಮೇಲೆ ಮನೆ ಬಣಬಣ ಅನ್ನುತ್ತಿದೆ ಎಂದಾಗ, ನನ್ನ ಜೊತೆ ಬಾ ಎಂದಿದ್ದ. ಎರಡು ಘಾಟಿ ಕಂಡು ಸಾಕಪ್ಪಾ ಅನ್ನುತ್ತಾಳೆ ಎಂಬುದು ಅವನ ಲೆಕ್ಕ. ಆಗ ಅವಳಿಗೆ ನಲವತ್ತಾರು. ಮೊದಲ ಬೇಸಿಗೆ ಅವನ ಹಿಂದೆ ಬಂದಳು, ಎರಡನೆಯ ಬೇಸಿಗೆ ಅವನ ಪಕ್ಕದಲ್ಲಿ. ಮೂರನೆಯದರಿಂದ ಮುಂದೆ ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಸಾಲದ್ದಕ್ಕೆ ಶಾಲೆಗೆ ಬೇಸಿಗೆಯಲ್ಲಿ ಎರಡು ತಿಂಗಳು ರಜ. ರಸ್ತೆಯವನಿಗೆ ಕೈತುಂಬ ಕೆಲಸ ಇರುವುದೂ ಆಗಲೇ. ಅವನು ಬಗ್ಗಿ ಗುಂಡಿಗೆ ಟಾರು ಸುರಿಯುತ್ತಿದ್ದರೆ ಅವಳು ಗಂಟೆ ಬಾರಿಸಿಕೊಂಡು ಪಕ್ಕದಲ್ಲೇ ಹಾದು ಹೋಗುತ್ತಿದ್ದಳು. ಅವನ ಮೂವತ್ತು ವರ್ಷವನ್ನು ಏಳೇ ವರ್ಷದಲ್ಲಿ ಹಿಡಿದುಬಿಟ್ಟಳು.

ವಿತಾಲ್ ಸುಮ್ಮನಿರಲಿಲ್ಲ. ಹಂಚಿಕೊಳ್ಳುವ ನೆಪದಲ್ಲಿ ಭಾರವನ್ನೆಲ್ಲ ಅವಳ ಚೀಲಕ್ಕೆ ಸೇರಿಸಿದ. ಚೀಸು, ಒಣ ಸಾಸೇಜು, ವೈನಿನ ಬಾಟಲಿ, ಇಬ್ಬರ ಮಳೆ ಕೋಟು, ಪಂಪು. ಅವಳು ಮುಗುಮ್ಮಾಗಿ ಹೊತ್ತಳು, ಆದರೂ ಮೊದಲು ತಲುಪಿದಳು, ಅವನು ಬರುವಷ್ಟರಲ್ಲಿ ಸಾಸೇಜು ಹೆಚ್ಚಿಟ್ಟಿದ್ದಳು. ಮೇಲೊಬ್ಬರು ತನಗಾಗಿ ಕಾಯುತ್ತಿದ್ದಾರೆ ಎಂದು ಗೊತ್ತಿದ್ದು ಏದುಸಿರು ಬಿಡುತ್ತ ತುಳಿಯುವ ಕಷ್ಟ ಯಾವ ಶತ್ರುವಿಗೂ ಬೇಡ.

ಅದಕ್ಕಿಂತ ಅವನಿಗೆ ಸಹಿಸಲಾಗದ್ದು ಪೇಪರಿನ ವಿಷಯ. ಬೆವರಿದ ಮೈಯಲ್ಲಿ ಇಳಿಜಾರಿಗೆ ಬಿದ್ದರೆ ಗಾಳಿ ಎದೆಗೆ ಹೊಡೆಯುತ್ತದೆ. ಹಾಗಾಗಿ ನೆತ್ತಿಯ ಹೋಟೆಲಿನಲ್ಲಿ ಹಳೆಯ ಪೇಪರ್ ಕೇಳಿ, ಮಡಿಸಿ, ಅಂಗಿಯೊಳಗೆ ಬನಿಯನ್ ಮೇಲೆ ತುರುಕಿಕೊಂಡು ಇಳಿಯುವುದು ಅಲ್ಲಿಯವರ ವಾಡಿಕೆ. ಲಿಯೋನಿ ಅವನಿಗೂ ಒಂದು ತೆಗೆದಿಟ್ಟಿರುತ್ತಿದ್ದಳು. ಅವನು ಸೈಕಲ್ ಇಳಿಯುವುದೇ ತಡ, ಎಲ್ಲರೆದುರಿಗೆ ಅಂಗಿ ಎಳೆದು ತಾನೇ ತುರುಕುತ್ತಿದ್ದಳು.

"ಬೆವರು ಆರೋಕೆ ಮುಂಚೆ ಎದೆ ಮುಚ್ಕೋ, ಮುದುಕ."

ಮಾರನೆಯ ದಿನ ಬಟ್ಟೆ ಒಗೆಯುವಾಗ ಅವಳಿಗೆ ಇನ್ನೊಂದು ತಮಾಷೆ. ಬೆವರಿಗೆ ಪೇಪರಿನ ಶಾಯಿ ಬಿಟ್ಟುಕೊಂಡು ಬನಿಯನ್ ಮೇಲೆ ಅಕ್ಷರಗಳು ತಿರುಗುಮುರುಗಾಗಿ ಮೂಡಿರುತ್ತಿದ್ದವು. ಇವತ್ತು ನಿನ್ನ ಎದೆ ಮೇಲೆ ಮಂತ್ರಿಗಳು ಕೂತಿದ್ದಾರೆ, ಇವತ್ತು ದನದ ಸಂತೆ ನೆರೆದಿದೆ ಎಂದು ಓದಿ ಹೇಳುತ್ತಿದ್ದಳು. ಮೊದಲೆಲ್ಲ ಅವನೂ ನಗುತ್ತಿದ್ದ.

ಆ ವರ್ಷ ಆಗಸ್ಟ್ ಮುಗಿಯುವ ಹೊತ್ತಿಗೆ ಇಬ್ಬರದೂ ತೊಂಬತ್ತೊಂಬತ್ತು ಆಗಿತ್ತು. ಉಳಿದದ್ದು ಬೀಸ್ ಘಾಟಿ. ಭಾನುವಾರ ಜೊತೆಗೇ ದಾಟೋಣ, ಹಲಗೆಯ ಮೇಲೆ ಇಬ್ಬರ ಹೆಸರೂ ಒಂದೇ ದಿನ ಏರಲಿ ಎಂದಳು ಲಿಯೋನಿ. ವಿತಾಲ್ ಹೂಂಗುಟ್ಟಿದ. ಜೊತೆಗೆ ಎಂದರೆ ಏನೆಂದು ಅವನಿಗೆ ಗೊತ್ತಿಲ್ಲವೇ? ಅವಳು ಮೊದಲು, ಇವನು ಆಮೇಲೆ. ನಾಲ್ಕನೆಯ ಹೆಸರು ಅವಳದು, ಅದನ್ನು ಬರೆಯಬೇಕಾದ ಕೈ ಇವನದು.

ಗುರುವಾರ ಮೇಲಧಿಕಾರಿಗೆ ಹಲ್ಲುನೋವು ಎಂದು ಹೇಳಿ, ಹೆಂಡತಿಗೆ ಕೆಲಸಕ್ಕೆ ಎಂದು ಹೇಳಿ, ಒಬ್ಬನೇ ಬೀಸ್ ಘಾಟಿಗೆ ಹೋದ. ಅರ್ಧ ದಾರಿಯಲ್ಲಿ ಮೊಣಕಾಲು ನಿಜವಾಗಿಯೂ ಕೈಕೊಟ್ಟಿತು. ಅಷ್ಟು ವರ್ಷ ಹೇಳಿದ ಸುಳ್ಳು ಆ ದಿನ ಬಂದು ಕಾಲು ಹಿಡಿಯಿತು. ತಳ್ಳಿಕೊಂಡು ಹೋಗಬಹುದಿತ್ತು, ಆದರೆ ಸಂಜೆಯೊಳಗೆ ಮನೆ ಸೇರಬೇಕು. ರಸ್ತೆ ಬದಿಯ ಗುಡಿಯ ಕಟ್ಟೆ ಮೇಲೆ ಕೂತಿದ್ದಾಗ ಇಟಲಿಯ ಕಡೆಯ ಚೀಸ್ ಲಾರಿ ಬಂದು ನಿಂತಿತು. ಸೈಕಲ್ ಹಿಂದೆ ಏರಿತು, ವಿತಾಲ್ ಮುಂದೆ. ಎಂಟು ಕಿಲೋಮೀಟರು ಡ್ರೈವರನ ಪಕ್ಕ ಕೂತು, ಹೀಟರಿನ ಬಿಸಿಗಾಳಿಗೆ ಎದೆಯ ಬೆವರು ಆರಿಸಿಕೊಂಡು ಹೋದ. ನೆತ್ತಿಗೆ ಎರಡು ತಿರುವು ಇರುವಾಗ ಇಳಿದುಕೊಂಡ. ಹೋಟೆಲಿನವಳ ಕಣ್ಣಿಗೆ ತುಳಿದುಕೊಂಡು ಬಂದ ಹಾಗೆ ಕಾಣಬೇಕಲ್ಲ! ಅವಳ ಹತ್ತಿರ ಪೇಪರ್ ಈಸಿಕೊಂಡು ಎದೆಗಿಟ್ಟು ಇಳಿದ.

ಅಂದು ಸಂಜೆಯೇ ಜೋಸೆತ್‌ಳ ಅಂಗಡಿಯಲ್ಲಿ ತನ್ನ ಹೆಸರನ್ನು ತಾನೇ ಬರೆದ. ಎಲ್ಲರೂ ಬೆನ್ನು ತಟ್ಟಿದರು. ಮನೆಗೆ ಬಂದು, ಹವಾ ಚೆನ್ನಾಗಿತ್ತು, ಮನಸ್ಸು ತಡೆಯಲಿಲ್ಲ ಎಂದ. ಲಿಯೋನಿಯ ಮುಖ ಸಣ್ಣದಾಯಿತು. ಆದರೂ ಕೆನ್ನೆಗೆ ಮುತ್ತಿಟ್ಟು, ಒಳ್ಳೇದಾಯ್ತು ಬಿಡು ಎಂದಳು.

ಶುಕ್ರವಾರ ಅವಳು ಬಟ್ಟೆ ಒಗೆಯಲು ಕೂತಳು. ಬನಿಯನ್ ಎತ್ತಿ ಬೆಳಕಿಗೆ ಹಿಡಿದಳು, ತಿರುಗಿಸಿ ಹಿಡಿದಳು. ಒಂದಕ್ಷರವಿಲ್ಲ.

"ಪೇಪರ್ ಇಟ್ಕೊಂಡಿರ್ಲಿಲ್ವಾ?"

"ಇಟ್ಕೊಂಡಿದ್ದೆ. ಅಲ್ಲೇ ಅಂಗಿ ಜೊತೆ ಇದೆ ನೋಡು."

ಇತ್ತು. ಅಂಗಡಿಯಿಂದ ಆಗ ತಂದ ಹಾಗೆ ಗರಿಗರಿಯಾಗಿತ್ತು. ಬೀಸ್ ಘಾಟಿ ಹತ್ತಿದ ಗಂಡಸಿನ ಎದೆಯ ಮೇಲೆ ಪೇಪರ್ ಒಣಗಿಯೇ ಉಳಿಯಿತೆಂದರೆ ಏಳು ವರ್ಷ ಆ ಬನಿಯನ್ ಒಗೆದವಳು ನಂಬುತ್ತಾಳೆಯೇ? ಅವಳು ಅವನ ಮುಖ ನೋಡಿದಳು. ಅವನು ಕಿಟಕಿ ನೋಡಿದ. ಬನಿಯನ್ನನ್ನು ಒಗೆಯದೆ ಪಕ್ಕಕ್ಕಿಟ್ಟು, ಭಾನುವಾರ ನೀನೂ ಬರಬೇಕು, ನಾನಿನ್ನೂ ಆ ಘಾಟಿ ದಾಟಿಲ್ಲ ಎಂದಷ್ಟೇ ಹೇಳಿದಳು.

ವಿತಾಲ್ ಹೊರಟ. ಆ ಭಾನುವಾರ ಗುಡಿಯಿಂದ ಮೇಲಕ್ಕೆ ಎಂಟು ಕಿಲೋಮೀಟರನ್ನೂ ಕುಂಟುತ್ತ ಸೈಕಲ್ ತಳ್ಳಿಕೊಂಡು ಹತ್ತಿದ. ಅವಳು ಎಂದಿನಂತೆ ಮೊದಲೇ ಹೋಗಿ, ಒಂದೂವರೆ ಗಂಟೆ ಕಾದಿದ್ದಳು. ಬೈಯಲಿಲ್ಲ, ಚುಚ್ಚಲಿಲ್ಲ. ಅಂಗಿ ಎಳೆದು ಪೇಪರ್ ತುರುಕಿದಳು. ಅವನಿಗೆ ಏಟು ತಿಂದಷ್ಟು ನೋವಾಯಿತು.

ಸೋಮವಾರ ಕೆಲಸದಿಂದ ಬಂದರೆ ಎರಡೂ ದಿನದ ಬನಿಯನ್ ಮೇಜಿನ ಮೇಲಿದ್ದವು. ಒಂದು ಬಿಳಿ. ಇನ್ನೊಂದರ ಎದೆಯ ತುಂಬ ಅಕ್ಷರ, ಮೂಲೆಯಲ್ಲಿ ತಿರುಗುಮುರುಗಾದ ತಾರೀಖೂ ಇತ್ತು. ಪಕ್ಕದಲ್ಲಿ ಅವಳ ನೋಟ್‌ಬುಕ್ಕು ತೆರೆದಿತ್ತು. ನೂರನೆಯ ಸಾಲು ಖಾಲಿ.

"ಯಾಕೆ ಬರ್ದಿಲ್ಲ?" ಎಂದ.

"ನೀನು ನಿಜ ಬರೀಲಿ ಅಂತ ಕಾಯ್ತಿದೀನಿ," ಎಂದಳು ಲಿಯೋನಿ. "ಮೇಲೆ ಕೂತು ನಿಂಗೆ ಕಾಯೋದು ನಂಗೆ ಅಭ್ಯಾಸ ಆಗಿದೆ. ನೀನು ಬರದೇ ಹೋದ್ರೆ ನಾನೂ ಇಳಿಯಲ್ಲ."

ಬಣ್ಣದ ಡಬ್ಬಿ ಎತ್ತಿಕೊಂಡು ಅವನು ಸೀದಾ ಜೋಸೆತ್‌ಳ ಅಂಗಡಿಗೆ ನಡೆದ. ಆರೇಳು ಜನ ಕೂತಿದ್ದರು. ಗುರುವಾರ ಎಂಟು ಕಿಲೋಮೀಟರು ಲಾರಿಯಲ್ಲಿ ಹೋಗಿದ್ದೆ ಎಂದ. ತನ್ನ ಹೆಸರಿನ ಮೇಲೆ ಬಣ್ಣ ಎಳೆದು, ಒಣಗುವವರೆಗೆ ಅಲ್ಲೇ ಬೆನ್ನು ತಿರುಗಿಸಿ ನಿಂತ. ಆಮೇಲೆ ನಾಲ್ಕನೆಯ ಜಾಗದಲ್ಲಿ ಲಿಯೋನಿ ರೋಸ್ತೆ ಎಂದು ಬರೆದ. ಅದರ ಕೆಳಗೆ ತನ್ನದು. ಎರಡಕ್ಕೂ ಭಾನುವಾರದ ತಾರೀಖು.

ಅಕ್ಟೋಬರಿನ ಸಂಘದ ಊಟದಲ್ಲಿ ಮೆಕ್ಕೆಜೋಳದ ಪೊಲೆಂಟಾ ಮುದ್ದೆ ಬಡಿಸುತ್ತ ಜೋಸೆತ್ ಹಲಗೆಯನ್ನು ದಿಟ್ಟಿಸಿ ನೋಡಿದಳು. ಲಿಯೋನಿಯ ಹೆಸರಿನ ಅಕ್ಷರ ಗಂಡನ ಅಕ್ಷರಕ್ಕಿಂತ ಒಂದು ಬೆರಳು ಗಿಡ್ಡವಾಗಿದೆಯಲ್ಲ ಎಂದಳು. ವಿತಾಲ್ ತಲೆ ತಗ್ಗಿಸಿ ತಟ್ಟೆಯಲ್ಲಿ ಏನೋ ಹುಡುಕತೊಡಗಿದ.

"ನೋಡಿದೀನಿ," ಎಂದಳು ಲಿಯೋನಿ. "ಮೇಲಿರೋರು ಕೆಳಗಿನೋರಿಗೆ ಸಣ್ಣಗೇ ಕಾಣ್ತಾರೆ. ಅವನು ಐದು ವರ್ಷದಿಂದ ನೋಡ್ತಿರೋದೇ ಹಾಗೆ."